ಮಕ್ಕಳು ಓದಿದರೆ ಅನರ್ಹ

ಸುದ್ದಿ ನಿಮಗೂ ಬಂದಿರುತ್ತದೆ. ನಮ್ಮ ಕಲಬುರಗಿಯ ಒಂದು ಸಂಘದವರು, ಮಕ್ಕಳ ಕಥೆ ಬರೆಯುವ ಆದರೆ ಇನ್ನೂ ಒಂದು ಪುಸ್ತಕವೂ ಅಚ್ಚಾಗದ ಲೇಖಕರಿಗೆ ಪ್ರಶಸ್ತಿ ಇಟ್ಟಿದ್ದರಲ್ಲ, ಅದೇ. ಚಿತ್ತಾಪುರ ಕಡೆಯ ಸರ್ಕಾರಿ ಶಾಲೆಯ ಟೀಚರ್ ಒಬ್ಬರ ಹಸ್ತಪ್ರತಿ ಕೊನೆಯ ಸುತ್ತಿಗೆ ಬಂದಿತ್ತು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಸಮಿತಿಗೆ ಫೋಟೋ ಕಳಿಸಿದರು. ಅದರಲ್ಲಿ ಟೀಚರ್ ಬರೆದ ಕಥೆ ಅವರದೇ ಶಾಲೆಯ ಗೋಡೆ ಪತ್ರಿಕೆಯಲ್ಲಿದೆ! ಡ್ರಾಯಿಂಗ್ ಶೀಟಿನ ಮೇಲೆ ಹಸಿರು ಸ್ಕೆಚ್ ಪೆನ್ನಿನ ಅಕ್ಷರ, ಕೆಳಗೆ ಕಾಲು ಐದಾಗಿರುವ ಒಂದು ಆಡಿನ ಚಿತ್ರ. ಮುಂದೆ ನಾಲ್ಕೈದು ಹುಡುಗರು ನಿಂತು ಓದುತ್ತಿದ್ದಾರೆ. ಒಬ್ಬನಂತೂ ಇನ್ನೊಬ್ಬನ ಹೆಗಲ ಮೇಲಿಂದ ಇಣುಕುತ್ತಿದ್ದಾನೆ. ಇದಕ್ಕಿಂತ ಸಾಕ್ಷಿ ಬೇಕೆ? ಕಥೆ ಈಗಾಗಲೇ ಪ್ರಕಟವಾಗಿದೆ ಅಂತ ತೀರ್ಮಾನಿಸಿ ಟೀಚರನ್ನು ಅನರ್ಹ ಮಾಡಿದರು.

ಸಮಿತಿಯನ್ನು ಮೆಚ್ಚಲೇಬೇಕು. ನಮ್ಮೂರಲ್ಲಿ ಒನ್ ವೇಯಲ್ಲಿ ಎದುರಿಗೆ ಬಂದ ಟಂಟಂನವನು ನಮಗೇ ಬೈದು ಹೋಗುತ್ತಾನೆ. ಅಂಥ ಊರಲ್ಲಿ ಯಾರೋ ಒಬ್ಬರು ನಿಯಮ ಅಂದರೆ ನಿಯಮ ಅಂತ ಪಟ್ಟು ಹಿಡಿದಿದ್ದಾರೆ. ಮಕ್ಕಳ ಕಥೆಯನ್ನು ಮಕ್ಕಳಿಂದ ಕಾಪಾಡುವುದು ಸಣ್ಣ ಕೆಲಸ ಅಲ್ಲ.

ಅರ್ಜಿಯ ಜೊತೆಗಿದ್ದ ನಿಯಮಗಳನ್ನು ನಾನು ಪೂರ್ತಿ ಓದಿದೆ. ಸ್ಪರ್ಧೆಗೆ ಬಂದ ಯಾವ ಕಥೆಗಿಂತಲೂ ಕಲ್ಪನೆ ಅಲ್ಲೇ ಜಾಸ್ತಿ ಇರಬೇಕು. ಲೇಖಕರ ಒಂದೂ ಪುಸ್ತಕ ಬಂದಿರಬಾರದು. ಆದರೆ ಪರಿಚಯ ಪತ್ರದಲ್ಲಿ 'ಪ್ರಕಟಿತ ಕೃತಿಗಳು' ಅನ್ನುವ ಕಾಲಂ ಖಾಲಿ ಬಿಡುವ ಹಾಗಿಲ್ಲ. ಡಿಟಿಪಿ ಮಾಡಿಸಿದ ನಾಲ್ಕು ಪ್ರತಿ ಕೊಡಬೇಕು, ಯಾವುದೂ ವಾಪಸ್ ಸಿಗುವುದಿಲ್ಲ. ಪ್ರವೇಶ ಶುಲ್ಕವೂ ವಾಪಸ್ ಸಿಗುವುದಿಲ್ಲ. ನಮ್ಮ ಭಾಗದವರ ಮೀಸಲಾತಿಗೆ ಬೇಕಾಗುವ 371(ಜೆ) ಸರ್ಟಿಫಿಕೇಟ್ ಮಾತ್ರ ಯಾಕೋ ಕೇಳಿಲ್ಲ, ಮರೆತಿರಬೇಕು. ಗೆದ್ದವರಿಗೆ ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಗಾಜಿನ ಪೆಟ್ಟಿಗೆಯೊಳಗೆ ಒಂದು ಸ್ಮರಣಿಕೆ. ಪುಸ್ತಕ? ಅದನ್ನು ಲೇಖಕರೇ ಅಚ್ಚು ಹಾಕಿಸಿಕೊಳ್ಳಬೇಕು. ಹಾಕಿಸಿದರೆ ಮುಖಪುಟದ ಒಳಬದಿಯಲ್ಲಿ ಸಂಘದ ಅಧ್ಯಕ್ಷರ ಫೋಟೋ ಹಾಕಬೇಕು.

ಅಂದರೆ ಪುಸ್ತಕ ಬಂದಿಲ್ಲ ಅಂತ ಪ್ರಶಸ್ತಿ. ಪ್ರಶಸ್ತಿ ಬಂದ ಮೇಲೂ ಪುಸ್ತಕ ಇಲ್ಲ. ಹಾಗಾಗಿ ಮುಂದಿನ ವರ್ಷವೂ ಅದೇ ಲೇಖಕರು ಅರ್ಜಿ ಹಾಕಬಹುದು. ಅರ್ಹತೆಗೆ ಧಕ್ಕೆಯೇ ಆಗದ ಹಾಗೆ ಪ್ರಶಸ್ತಿ ಕೊಡುವುದನ್ನು ಬೇರೆ ಊರಿನವರು ನಮ್ಮಿಂದ ಕಲಿಯಬೇಕು.

ಇಂಗ್ಲೆಂಡಿನವರಿಗೆ ಇಷ್ಟು ಶಿಸ್ತು ಇಲ್ಲ. ಹ್ಯಾರಿ ಪಾಟರ್ ಕಥೆ ಗೊತ್ತಲ್ಲ? ಎಷ್ಟೋ ಪ್ರಕಾಶಕರು ಬೇಡ ಅಂದಿದ್ದ ಹಸ್ತಪ್ರತಿ ಅದು. ಬ್ಲೂಮ್ಸ್‌ಬರಿ ಪ್ರಕಾಶನದ ಮುಖ್ಯಸ್ಥರು ಮೊದಲ ಅಧ್ಯಾಯವನ್ನು ಮನೆಗೆ ಒಯ್ದು ಎಂಟು ವರ್ಷದ ಮಗಳ ಕೈಗೆ ಕೊಟ್ಟರು. ಅವಳು ಓದಿ, ಮುಂದಿನದು ಎಲ್ಲಿ ಅಂತ ಬೆನ್ನು ಹತ್ತಿದಳು. 1997ರಲ್ಲಿ ಪುಸ್ತಕ ಬಂತು. ನಮ್ಮ ಸಮಿತಿ ಅಲ್ಲಿದ್ದಿದ್ದರೆ ಅಂದೇ ಅನರ್ಹ ಮಾಡಿ ಕೈ ತೊಳೆದುಕೊಳ್ಳುತ್ತಿತ್ತು. ಮಗು ಓದಿಬಿಟ್ಟಿದೆಯಲ್ಲ!

ಆ ಹಸ್ತಪ್ರತಿಯನ್ನು ಒಪ್ಪಿದ ಸಂಪಾದಕ ಬ್ಯಾರಿ ಕನಿಂಗ್‌ಹ್ಯಾಮ್ ಆಮೇಲೆ ಚಿಕನ್ ಹೌಸ್ ಅಂತ ಸ್ವಂತ ಪ್ರಕಾಶನ ಕಟ್ಟಿದರು. ಹೆಸರು ಕೇಳಿ ಸ್ಟೇಷನ್ ರೋಡಿನಲ್ಲಿ ಹುಡುಕಬೇಡಿ, ಅಲ್ಲಿ ಬಿರಿಯಾನಿ ಸಿಗುವುದಿಲ್ಲ. ಲಂಡನ್ನಿನ ಟೈಮ್ಸ್ ಪತ್ರಿಕೆಯ ಜೊತೆ ಸೇರಿ ಅವರೂ ಪುಸ್ತಕ ಬಾರದ ಮಕ್ಕಳ ಕಥೆಗಾರರಿಗೆ ಒಂದು ಸ್ಪರ್ಧೆ ನಡೆಸಿದರು. ಅಲ್ಲೂ ಪ್ರವೇಶ ಶುಲ್ಕ ಇತ್ತು, ಪುಕ್ಕಟೆ ಅಲ್ಲ. ಆದರೆ ಗೆದ್ದರೆ ಸಿಗುವುದು ಪುಸ್ತಕ, ಜೊತೆಗೆ 10,000 ಪೌಂಡ್ ಮುಂಗಡ ರಾಯಲ್ಟಿ. ಶಾಲಿನ ಸುದ್ದಿಯೇ ಇಲ್ಲ. ಅಷ್ಟು ದೂರ ಯಾಕೆ, ಬೆಂಗಳೂರಿನ ಛಂದ ಪುಸ್ತಕದವರು ಹೊಸ ಕಥೆಗಾರರ ಹಸ್ತಪ್ರತಿಗೆ ಬಹುಮಾನ ಕೊಟ್ಟರೆ ಅದನ್ನು ಅಚ್ಚು ಹಾಕುತ್ತಾರೆ. ಆದರೆ ಅದು ದೊಡ್ಡವರ ಕಥೆಗೆ.

ಇನ್ನು ತೀರ್ಪುಗಾರರು. ಮೂವರೂ ನಿವೃತ್ತರು, ಮೂವರೂ ಗೌರವಸ್ಥರು. ಮೊದಲು ಕೇಳುವ ಪ್ರಶ್ನೆ, "ನೀತಿ ಏನದ ಇದರಾಗ?" ನೀತಿ ಇಲ್ಲದ ಕಥೆ ಮೊದಲ ಸುತ್ತಿನಲ್ಲೇ ಬೀಳುತ್ತದೆ. ಇದು ಬರೆಯುವವರಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಸಿಂಹ, ಮೊಲ, ಜಾಣ ನರಿ ಎಲ್ಲವೂ ಸಾಲಾಗಿ ಬರುತ್ತವೆ. ಒಂದೂ ಸಿಂಹ ಇಲ್ಲದ ಜಿಲ್ಲೆಯಿಂದ ಇಷ್ಟು ಸಿಂಹ ಎಲ್ಲಿಂದ ಬರುತ್ತವೋ! ಇಲ್ಲದಿದ್ದರೆ ರಜೆಗೆ ಅಜ್ಜನ ಮನೆಗೆ ಹೋದ ಹುಡುಗ, ಅಡಿಕೆ ತೋಟ, ಜಿಟಿಜಿಟಿ ಮಳೆ, ಹಂಚಿನ ಮನೆ, ಹಲಸಿನ ಹಪ್ಪಳ. ಅಫಜಲಪುರದಲ್ಲಿ ಕೂತು ಬರೆದ ಕಥೆ ಇದು. ಇಲ್ಲಿನ ಹುಡುಗ ನೋಡುವುದು ತೊಗರಿ ಹೊಲ, ಊರಾಚೆಯ ಫರ್ಸಿ ಕಲ್ಲಿನ ಗಣಿ, ಸಿಮೆಂಟ್ ಫ್ಯಾಕ್ಟರಿಯ ಧೂಳು ಕೂತ ಬೇವಿನ ಮರ. ಭೀಮಾ ನದಿ ಉಕ್ಕಿದ ವರ್ಷ ಶಾಲೆಯಲ್ಲೇ ಸಂಸಾರ ಹೂಡಿದ ಊರಿನವರನ್ನು ನೋಡಿರುತ್ತಾನೆ. ಅಪ್ಪ ಅವ್ವ ದುಡಿಯೋಕೆ ಪುಣೆಗೋ ಹೈದರಾಬಾದಿಗೋ ಹೋದರೆ ಮುತ್ಯಾನ ಜೊತೆ ಇರುತ್ತಾನೆ. ಇದರಲ್ಲಿ ಕಥೆ ಇಲ್ಲವೇ? ಟೀಚರ್ ಬರೆದದ್ದು ಇಂಥದ್ದೇ ಅಂತೆ. ಪುಣೆಯ ಬಸ್ಸು ಹತ್ತಿಬಿಟ್ಟ ಒಂದು ಆಡಿನ ಕಥೆ. ನೀತಿ ಇರಲಿಲ್ಲ ಅಂತಲೂ ಒಬ್ಬ ತೀರ್ಪುಗಾರರು ಷರಾ ಬರೆದಿದ್ದರಂತೆ.

ಕಲಬುರಗಿಗೆ ಮಕ್ಕಳ ಸಾಹಿತ್ಯ ಹೊಸದೇನಲ್ಲ. 1987ರಲ್ಲಿ ಇಲ್ಲಿ ಸಾಹಿತ್ಯ ಸಮ್ಮೇಳನ ಆದಾಗ ಅಧ್ಯಕ್ಷರು ಸಿದ್ಧಯ್ಯ ಪುರಾಣಿಕರು. 2020ರಲ್ಲಿ ಎಚ್.ಎಸ್. ವೆಂಕಟೇಶಮೂರ್ತಿ. ಇಬ್ಬರೂ ಮಕ್ಕಳಿಗೆ ಬರೆದವರು, ಅವರ ಪದ್ಯಗಳನ್ನು ಮಕ್ಕಳು ಹಾಡಿದ್ದಾರೆ. ಈ ನಿಯಮದ ಪ್ರಕಾರ ಇಬ್ಬರ ಅರ್ಜಿಯೂ ತಿರಸ್ಕೃತ.

ಸಮಾರಂಭಕ್ಕೆ ಮಾತ್ರ ಮಕ್ಕಳು ಬೇಕೇ ಬೇಕು. ಗುಲಾಬಿ ಕೊಡೋಕೆ, ನಾಡಗೀತೆ ಹಾಡೋಕೆ, ಕುರ್ಚಿ ತುಂಬೋಕೆ. ಫೆಬ್ರವರಿ ಕೊನೆಯ ಬಿಸಿಲು, ನಮ್ಮ ಬಿಸಿಲಿಗೆ ಏಪ್ರಿಲ್ ತನಕ ಕಾಯುವ ಅಭ್ಯಾಸ ಇಲ್ಲ. ಹತ್ತು ಗಂಟೆಯ ಕಾರ್ಯಕ್ರಮಕ್ಕೆ ಒಂಬತ್ತಕ್ಕೇ ಮಕ್ಕಳನ್ನು ಶಾಮಿಯಾನದಲ್ಲಿ ಕೂರಿಸಿದ್ದರು. ಅತಿಥಿಗಳು ಬಂದದ್ದು ಒಂದು ಗಂಟೆಗೆ. ಬ್ಯಾನರಿನಲ್ಲಿ ಗಣ್ಯರ ಮುಖಗಳು ಕುಂಬಳಕಾಯಿ ಗಾತ್ರಕ್ಕಿದ್ದವು, ಪ್ರಶಸ್ತಿ ಪಡೆದವರ ಫೋಟೋ ಕೆಳಗಿನ ಮೂಲೆಯಲ್ಲಿ, ಅದೂ ಶಾಮಿಯಾನದ ಹಗ್ಗದ ಹಿಂದೆ. ಆಮೇಲೆ ಭಾಷಣ. ಮಕ್ಕಳು ದೇವರು, ಮಕ್ಕಳು ನಾಳಿನ ಪ್ರಜೆಗಳು, ಮಕ್ಕಳು ಮೊಬೈಲ್ ಬಿಡಬೇಕು. ಇದನ್ನು ಹೇಳುತ್ತಿದ್ದವರ ಮೊಬೈಲ್ ಎರಡು ಸಲ ರಿಂಗಾಯಿತು. ಗೆದ್ದ ಕಥೆಯ ಒಂದು ಪುಟವನ್ನೂ ಯಾರೂ ಓದಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು ಬಿಸಿಲಿಗೆ ತಲೆ ಸುತ್ತಿ ಬಿದ್ದಳು. ಎಬ್ಬಿಸಿ ನೀರು ಕುಡಿಸಿ, ವಂದನಾರ್ಪಣೆ ಆಗುವ ತನಕ ಅಲ್ಲೇ ಕೂರಿಸಿದರು.

ಇದನ್ನು ತಮಾಷೆಯಾಗಿ ಬರೆಯೋಕೆ ನನಗೆ ಆಗುತ್ತಿಲ್ಲ.

ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಿ. 2024ರ ಪರೀಕ್ಷೆ 1ರಲ್ಲಿ ಯಾದಗಿರಿ ರಾಜ್ಯಕ್ಕೇ ಕೊನೆ. 2025ರಲ್ಲಿ ಆ ಜಾಗಕ್ಕೆ ನಾವೇ ಬಂದೆವು, ಶೇ 42.43. ಪ್ರತಿ ವರ್ಷ ಮೇಷ್ಟ್ರುಗಳಿಗೆ ನೋಟಿಸ್ ಹೋಗುತ್ತದೆ, ವಿಶೇಷ ತರಗತಿ ಅನ್ನುತ್ತಾರೆ. ಪಠ್ಯಪುಸ್ತಕ ಬಿಟ್ಟು ಇನ್ನೊಂದು ಪುಸ್ತಕವನ್ನು ಕೈಯಲ್ಲಿ ಹಿಡಿಯದೆ ಹತ್ತನೇ ಕ್ಲಾಸಿಗೆ ಬಂದ ಹುಡುಗ ಪ್ರಶ್ನೆಯನ್ನು ಓದಿ ಅರ್ಥ ಮಾಡಿಕೊಳ್ಳುವುದಾದರೂ ಹೇಗೆ? ಶಾಲೆಗೆ ಬಂದ ಕಥೆ ಪುಸ್ತಕಗಳು ಅಲಮಾರಿಯಲ್ಲಿರುತ್ತವೆ. ಕೀಲಿ ಹೆಡ್‌ಮಾಸ್ಟರ ಹತ್ತಿರ. ಮಕ್ಕಳು ಹರಿದರೆ ಆಡಿಟ್‌ನಲ್ಲಿ ಉತ್ತರ ಹೇಳಬೇಕಲ್ಲ. 1965ರ ಗ್ರಂಥಾಲಯ ಕಾಯ್ದೆಯಿಂದಾಗಿ ನಾವೆಲ್ಲ ಆಸ್ತಿ ತೆರಿಗೆಯ ಜೊತೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತೇವೆ. ಆ ದುಡ್ಡಿನ ಪುಸ್ತಕ ಯಾವ ಮಗುವಿನ ಕೈಗೆ ಹೋಯಿತು ಅಂತ ಕೇಳಿದರೆ ಉತ್ತರ ಕೊಡುವವರು ಯಾರೂ ಇಲ್ಲ. ಪ್ರಕಾಶಕರನ್ನು ಕೇಳಿದರೆ ಅವರದ್ದು ಇನ್ನೊಂದು ಲೆಕ್ಕ. ಸಗಟು ಖರೀದಿಯಲ್ಲಿ ಬೆಲೆ ಕಟ್ಟುವುದು ಪುಟದ ಮೇಲೆ. ಮಕ್ಕಳ ಪುಸ್ತಕಕ್ಕೆ ಪುಟ ಕಡಿಮೆ, ಚಿತ್ರದ ಖರ್ಚು ಜಾಸ್ತಿ. ಮುನ್ನೂರು ಪುಟದ ಅಭಿನಂದನ ಗ್ರಂಥ ಇದ್ದರೆ ತನ್ನಿ ಅನ್ನುತ್ತಾರೆ.

ಇಷ್ಟರ ನಡುವೆ ಒಬ್ಬ ಟೀಚರ್ ತನ್ನ ಕಥೆಯನ್ನು ಗೋಡೆಗೆ ಅಂಟಿಸಿ ಮಕ್ಕಳಿಗೆ ಓದಿಸಿದರು. ಈ ಜಿಲ್ಲೆಯಲ್ಲಿ ಯಾರಿಗಾದರೂ ಶಾಲು ಹೊದಿಸುವುದಿದ್ದರೆ ಅವರಿಗೇ ಹೊದಿಸಬೇಕಿತ್ತು.

ಅವರ ಜಾಗಕ್ಕೆ ಯಾರು ಬಂದರು ಅಂತ ಕೇಳಿದ್ದೀರಾ? ಹೋದ ವರ್ಷ ಗೆದ್ದವರೇ. ಪುಸ್ತಕ ಇನ್ನೂ ಬಂದಿಲ್ಲ, ಹಾಗಾಗಿ ಅರ್ಹತೆ ಗಟ್ಟಿಯಾಗಿದೆ. ಒಳ್ಳೆಯ ಮನುಷ್ಯ, ಪರಿಚಯದವರು. ಅಭಿನಂದನೆ ಹೇಳೋಕೆ ಫೋನ್ ಮಾಡಿದೆ.

"ಏನ್ ಅಭಿನಂದನೆ ತಗೋರಿ ಸರ," ಅಂದರು. "ಎರಡ್ನೇ ಶಾಲು. ಮಗಳು ದಿನಾ ಕೇಳ್ತಾಳ, ಪಪ್ಪಾ ನಿನ್ನ ಕಥಿ ಕೊಡು, ಓದ್ತೀನಿ ಅಂತ. ಕೊಟ್ಟಿಲ್ರಿ ಇನ್ನಾ. ಮುಂದಿನ ವರ್ಷ ಯಾರರ ಫೋಟೋ ಹೊಡದು ಕಳ್ಸಿದ್ರ?"