ಸುರಂಗದ ಹೂಳು ತೆಗೆಯುವವರು ಯಾರು?

ಬರೆಯುವವನು ಪಾಠ ಹೇಳುವ ನೌಕರಿಗೆ ಬಿದ್ದರೆ ಅವನ ಬರವಣಿಗೆ ಮುಗಿಯಿತೆಂದೇ ಲೆಕ್ಕ ಎಂಬ ಮಾತನ್ನು ಹದಿನಾಲ್ಕು ವರ್ಷಗಳಿಂದ ಕೇಳುತ್ತಿದ್ದೇನೆ. ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕನಾಗಿ ಕನ್ನಡ ಕಲಿಸುತ್ತ, ಬೆಳಗಿನ ನಾಲ್ಕೂವರೆಯಿಂದ ಏಳರವರೆಗೆ ಫ್ಯಾಂಟಸಿ ಕಾದಂಬರಿ ಬರೆಯುವ ನನಗೆ (ಬೇಸಿಗೆಯಲ್ಲಿ ಎಂಟರ ಮೇಲೆ ಈ ಊರಿನಲ್ಲಿ ಯಾರ ತಲೆಯೂ ಓಡುವುದಿಲ್ಲ) ಅದು ಪೂರ್ತಿ ಸುಳ್ಳಲ್ಲವೆಂದು ಗೊತ್ತು. ತಿಂಗಳುಗಟ್ಟಲೆ ತಡವಾಗಿ ಬರುವ ಗೌರವಧನವೂ ಉತ್ತರ ಪತ್ರಿಕೆಗಳ ಕಟ್ಟುಗಳೂ ಒಂದು ಕಾದಂಬರಿಯನ್ನು ನಾಲ್ಕು ವರ್ಷ ಎಳೆಯಬಲ್ಲವು. ಆದರೂ ತರಗತಿಗೆ ಹೋಗದಿದ್ದರೆ ನನ್ನ ಈಗಿನ ಕಾದಂಬರಿ ಇನ್ನಷ್ಟು ಬೇಗ ಮುಗಿಯುತ್ತಿತ್ತು, ಇನ್ನಷ್ಟು ಟೊಳ್ಳಾಗಿಯೂ ಇರುತ್ತಿತ್ತು.

ಭಾನುವಾರ ಮನೆಯ ಮಾಳಿಗೆಯ ಮೇಲೆ ಏಳೆಂಟು ಹುಡುಗ ಹುಡುಗಿಯರಿಗೆ ಕಥೆ ಕಟ್ಟುವುದನ್ನು ಕಲಿಸುತ್ತೇನೆ. ಕಥೆಯನ್ನು ಕಲಿಸಲು ಬರುತ್ತದೆಯೇ ಎಂದು ನಗುವ ಹಿರಿಯರು 'ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್' ಎಂಬ ಕವಿರಾಜಮಾರ್ಗದ ಮಾತನ್ನು ಎತ್ತುತ್ತಾರೆ. ನಮ್ಮ ಜಿಲ್ಲೆಯ ಸೇಡಂ ತಾಲ್ಲೂಕಿನ ಇಂದಿನ ಮಳಖೇಡವೇ ಆ ಗ್ರಂಥ ಹುಟ್ಟಿದ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾದ್ದರಿಂದ ಆ ಮಾತು ನಮ್ಮ ಮನೆಯದೇ. ಆದರೆ ಓದದೆಯೂ ಕಾವ್ಯ ಬಲ್ಲ ಜನರನ್ನು ಹೊಗಳಿದ ಒಂಬತ್ತನೆಯ ಶತಮಾನದ ಆ ಗ್ರಂಥವೇ ಕವಿಗಳಿಗೆ ದೋಷ ಯಾವುದು, ಗುಣ ಯಾವುದು ಎಂದು ಉದಾಹರಣೆ ಸಮೇತ ಹೇಳಿಕೊಡುವ ಪಠ್ಯ ಎಂಬುದನ್ನು ಅವರು ಮರೆಯುತ್ತಾರೆ.

ನನ್ನ ಕಾದಂಬರಿಯ ನಗರಕ್ಕೆ ನೀರು ಬರುವುದು ನೆಲದೊಳಗಿನ ಸುರಂಗದಿಂದ. ಇದು ಬೀದರದ ನೌಬಾದಿನ ಕರೇಜಿನಿಂದ, ಜನ ಸುರಂಗ ಬಾವಿ ಎನ್ನುವ ಬಹಮನಿ ಕಾಲದ ಆ ಕಾಲುವೆಯಿಂದ, ನಾನು ಕದ್ದ ಕಲ್ಪನೆ. ಪರ್ಷಿಯಾದಿಂದ ಬಂದ ಆ ವಿದ್ಯೆಯಲ್ಲಿ ಜಂಬಿಟ್ಟಿಗೆ ಕಲ್ಲನ್ನು ಕೊರೆದು, ಕಂಡೂ ಕಾಣದಷ್ಟು ಇಳಿಜಾರು ಕೊಟ್ಟು, ಯಾವ ಯಂತ್ರವೂ ಇಲ್ಲದೆ ನೀರು ತಾನಾಗಿ ಹರಿಯುವಂತೆ ಮಾಡುತ್ತಾರೆ. ಉದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಕಂಡಿಗಳನ್ನು ಇಳಿಸುತ್ತಾರೆ. ನಾನು ಆ ಕಂಡಿಗಳಲ್ಲಿ ಬೆಳದಿಂಗಳು ಇಳಿಯುವುದನ್ನು ಎರಡು ಪುಟ ಬಣ್ಣಿಸಿ, ಹೆಮ್ಮೆಯಿಂದ ಓದಿ ಹೇಳಿದೆ. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಕೇಳಿದಳು: "ಸರ್, ಆ ಸುರಂಗದಾಗಿನ ಹೂಳ ಯಾರ ತೆಗೀತಾರ್ರಿ?"

ನನ್ನಲ್ಲಿ ಉತ್ತರವಿರಲಿಲ್ಲ. ಆ ಕಂಡಿಗಳಿರುವುದೇ ಗಾಳಿಗಾಗಿ ಮತ್ತು ಹೂಳೆತ್ತುವುದಕ್ಕಾಗಿ. ಮುನ್ನೂರು ಪುಟ ಬರೆದಿದ್ದರೂ ಆ ನಗರದಲ್ಲಿ ರಾಜನಿದ್ದ, ಮಾಂತ್ರಿಕನಿದ್ದ, ಹಗ್ಗ ಹಿಡಿದು ಕೆಳಗಿಳಿಯುವ ಮನುಷ್ಯ ಮಾತ್ರ ಇರಲಿಲ್ಲ.

ನಮ್ಮ ಪರೀಕ್ಷೆಗಳು ಮಕ್ಕಳಿಗೆ ಕಥೆಯ ಆಶಯವನ್ನು ಕೇಳಿ ಕೇಳಿ, ಅದು ನಡೆಯುವುದು ಹೇಗೆ ಎಂದು ಕೇಳುವ ಅಭ್ಯಾಸವನ್ನೇ ತಪ್ಪಿಸಿವೆ. ಫ್ಯಾಂಟಸಿಗೆ ಬೇಕಾದದ್ದು ಈ ಎರಡನೆಯ ಪ್ರಶ್ನೆ. ಅಲ್ಲಿ ಏನು ಬೇಕಾದರೂ ಆಗಬಹುದು ಎಂದುಕೊಂಡವರ ಕೈಯಲ್ಲಿ ಏನೂ ಆಗುವುದಿಲ್ಲ. ಲೋಹದಲ್ಲಿ ಬೆಳ್ಳಿ ಕೂರಿಸುವ ಬೀದರದ ಬಿದರಿ ಕೆಲಸದಲ್ಲಿ ಅಲ್ಲಿನ ಕೋಟೆಯ ಹಳೆಯ ಮಣ್ಣನ್ನು ನವಸಾಗರವೆಂಬ ಲವಣದೊಂದಿಗೆ ಕುದಿಸಿ ಹಚ್ಚಿದರೆ ಸತುವಿನ ಪಾತ್ರೆ ಕಪ್ಪಾಗುತ್ತದೆ, ಅದರೊಳಗೆ ಕೂರಿಸಿದ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಎಲ್ಲ ಮಣ್ಣಿಗೂ ಆ ಗುಣವಿಲ್ಲ, ಕುಶಲಕರ್ಮಿಗಳು ನಾಲಿಗೆಗೆ ತಾಗಿಸಿಯೇ ಆರಿಸುತ್ತಾರೆ. ಮಂತ್ರಕ್ಕೆ ಇಷ್ಟು ಕಟ್ಟುನಿಟ್ಟು ಇರಬೇಕೆಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ, ನನ್ನ ಪುಟಗಳಿಗೆ ಹೇಳಿಕೊಂಡಿರಲಿಲ್ಲ.

ಆ ಹುಡುಗಿಯ ತಂದೆ ಬಾವಿಯ ಹೂಳೆತ್ತುವ ಕೂಲಿಗೆ ಹೋಗುತ್ತಿದ್ದವರೆಂದು ಆಮೇಲೆ ತಿಳಿಯಿತು. ಇಳಿಯುವ ಮುಂಚೆ ಹಗ್ಗಕ್ಕೆ ಕಂದೀಲು ಕಟ್ಟಿ ಬಿಡುತ್ತಿದ್ದರಂತೆ; ಒಳಗಿನ ಗಾಳಿ ಕೆಟ್ಟು ದೀಪ ಆರಿದರೆ ಅಂದು ಕೆಲಸವಿಲ್ಲ, ಕೂಲಿಯೂ ಇಲ್ಲ. ಹನ್ನೊಂದನೆಯ ಅಧ್ಯಾಯವನ್ನು ಹರಿದು ಹಾಕಿ ಹೊಸದಾಗಿ ಬರೆಯುತ್ತಿದ್ದೇನೆ. ಅದರಲ್ಲಿ ಒಬ್ಬ ಮುದುಕ ಕಂಡಿಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಕಂದೀಲು ಇಳಿಬಿಡುತ್ತಿದ್ದಾನೆ. ನಾಳೆಯಿಂದ ಮೌಲ್ಯಮಾಪನ ಇರುವುದರಿಂದ ಆ ದೀಪ ಇನ್ನು ಎರಡು ವಾರ ಅರ್ಧ ದಾರಿಯಲ್ಲೇ ತೂಗಾಡಬೇಕು.