ತಪ್ಪೆಲ್ಲ ಮಿದುಳಿನದು

ನಮ್ಮ ಭಾವ ಸಿಗರೇಟು ಬಿಟ್ಟಿದ್ದಾರೆ. ಇದು ಸಂತೋಷದ ಸಂಗತಿಯೆಂದು ಎಲ್ಲರೂ ಹೇಳುತ್ತಾರೆ; ಹಾಗೆ ಹೇಳುವವರಲ್ಲಿ ಯಾರೂ ಅವರೊಂದಿಗೆ ಒಂದೇ ಮನೆಯಲ್ಲಿ ವಾಸಿಸುತ್ತಿಲ್ಲ. ಇಂದು ಬೆಳಿಗ್ಗೆ ಬಾಗಿಲು ಧಡ್ಡೆಂದಿತೆಂದು ನನ್ನನ್ನು ಗದರಿದರು. ಬಾಗಿಲನ್ನು ಬಡಿದದ್ದು ಗಾಳಿಯೆಂದು ತಿಳಿದ ಮೇಲೆ ಗಾಳಿಯನ್ನೂ ಗದರಿದರು. ಚಟ ಬಿಟ್ಟವರಿಗೆ ಸಿಟ್ಟು ಬರುವುದು ಸಹಜ, ಸಹಿಸಿಕೊಳ್ಳಬಹುದು. ಸಹಿಸಲಾಗದ್ದು ಗದರಿದ ಮರುಕ್ಷಣವೇ ಆರಂಭವಾಗುವ ಉಪನ್ಯಾಸ: "ಗದರಿದ್ದು ನಾನಲ್ಲ, ನನ್ನ ಮಿದುಳಿನ ಗ್ರಾಹಕಗಳು." ಗ್ರಾಹಕಗಳೆಂದರೆ ಅಂಗಡಿಗೆ ಬರುವವರಲ್ಲ; ಮಿದುಳಿನ ಕೋಶಗಳ ಮೇಲೆ ನಿಕೋಟಿನ್‌ನಂಥ ರಾಸಾಯನಿಕಗಳು ಬಂದು ಕೂರುವ ತಾಣಗಳು, ಇಂಗ್ಲಿಷಿನಲ್ಲಿ ರಿಸೆಪ್ಟರ್.

ಅವರು ಹೇಳುವುದೆಲ್ಲ ನಿಜವಾಗಿರುವುದರಿಂದ ವಾದಿಸುವ ಸುಖವೂ ನಮಗಿಲ್ಲ. ಸೇದುವವರ ಮಿದುಳಿನಲ್ಲಿ ನಿಕೋಟಿನ್ ಅಂಟಿಕೊಳ್ಳುವ ಗ್ರಾಹಕಗಳು ಸೇದದವರಿಗಿಂತ ಹೆಚ್ಚಾಗಿರುತ್ತವೆ. ಮಿದುಳಿನೊಳಗೆ ಇಂಥ ತಾಣಗಳನ್ನು ಚಿತ್ರದಲ್ಲಿ ತೋರಿಸಬಲ್ಲ ಪೆಟ್ ಸ್ಕ್ಯಾನ್ ಬಳಸಿ ನಡೆಸಿ, 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಒಂದೆರಡು ದಮ್ಮು ಎಳೆದರೆ ಸಾಕು, ಅವುಗಳ ಮುಖ್ಯ ಬಗೆಯೊಂದರಲ್ಲಿ ಅರ್ಧದಷ್ಟು ಸುಮಾರು 3 ಗಂಟೆ ಕಾಲ ಭರ್ತಿಯಾಗಿರುತ್ತವೆ. ಇಡೀ ಸಿಗರೇಟು ಸೇದಿದರೆ ಶೇಕಡ 88ಕ್ಕೂ ಹೆಚ್ಚು. ಸೇದುವುದನ್ನು ನಿಲ್ಲಿಸಿದಾಗ ಈ ಹೆಚ್ಚುವರಿ ಮಂದಿಯೆಲ್ಲ ಸಂಬಳ ಬಾರದ ನೌಕರರಂತೆ ಒಳಗೆ ಕುಳಿತಿರುತ್ತಾರೆ. ಆದರೆ ಅಕ್ಕನದು ಒಂದೇ ಪ್ರಶ್ನೆ: "ಸೇದುತ್ತಿದ್ದಾಗಲೂ ನೀವು ಹೀಗೇ ಗದರುತ್ತಿದ್ದಿರಲ್ಲ, ಆಗ ಖಾಲಿ ಇದ್ದದ್ದು ಯಾವುದು?"

ಇದಕ್ಕೆ ಉತ್ತರ ಕೊಡಲೆಂದೇ ಇರಬೇಕು, ಭಾವ ಕಳೆದ ಭಾನುವಾರ ಮನೆಯಲ್ಲೇ ಪ್ರಯೋಗ ನಡೆಸಿದರು. ಇಂಥ ಸಂಶೋಧನೆಗಳಲ್ಲಿ ಸ್ವಯಂಸೇವಕರನ್ನು ಒಂದು ರಾತ್ರಿಯೋ ಒಂದು ದಿನವೋ ಸೇದದಂತೆ ಇರಿಸಿ, ಸೇದಿದ್ದರೆ ಉಸಿರಿನಲ್ಲಿ ಹೆಚ್ಚಾಗಿರುವ ಕಾರ್ಬನ್ ಮಾನಾಕ್ಸೈಡನ್ನು ಅಳೆದು (ಬಾಯಿಮಾತನ್ನು ಅಲ್ಲಿ ಯಾರೂ ನಂಬುವುದಿಲ್ಲ), ಆಮೇಲೆ ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಮಿದುಳು ಹೇಗೆ ಸ್ಪಂದಿಸುತ್ತದೆಂದು ನೋಡಲು ಸಿಗರೇಟಿನ ಚಿತ್ರಗಳನ್ನು ತೋರಿಸುವುದುಂಟು. ಭಾವ ಸೋಫಾದ ಮೇಲೆ ಅಂಗಾತ ಮಲಗಿ, ತಲೆ ಅಲುಗದಂತೆ ಎರಡೂ ಬದಿಗೆ ದಿಂಬು ಒತ್ತಿಸಿಕೊಂಡರು. ಮೊಬೈಲಿನಲ್ಲಿ ಚಿತ್ರ ತೋರಿಸುವ ಹೊಣೆ ಅವರ ಮಗನದು, ಮುಖಭಾವ ಬರೆದುಕೊಳ್ಳುವುದು ನನ್ನದು. ನಿಜವಾದ ಯಂತ್ರ ಕಿವಿಗಡಚಿಕ್ಕುವಂತೆ ಸದ್ದು ಮಾಡುತ್ತದೆಂದು ಅಕ್ಕನಿಗೆ ಪಕ್ಕದಲ್ಲೇ ಖಾಲಿ ಮಿಕ್ಸಿ ಓಡಿಸಲು ಅಪ್ಪಣೆಯಾಯಿತು. ಅಕ್ಕ ಅದನ್ನು ಅತ್ಯಂತ ಶ್ರದ್ಧೆಯಿಂದ, ಕೇಳಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸಿದಳು. ಮೊದಲ ಚಿತ್ರಕ್ಕೆ ಭಾವನ ಹುಬ್ಬು ಏರಿತು. ಎರಡನೆಯದಕ್ಕೆ ಗಂಟಲು ಆಡಿತು. ಮೂರನೆಯ ಚಿತ್ರ ಬರುವ ಹೊತ್ತಿಗೆ ಅವರ ಹಳೆಯ ಸೇದುವ ಗೆಳೆಯನ ಕರೆ ಬಂದು, ಪರದೆಯ ತುಂಬ ಆತನ ನಗುಮುಖ ಮೂಡಿತು. ಭಾವ ದಿಂಬುಗಳನ್ನು ಕಿತ್ತೆಸೆದು ಎದ್ದು ಕುಳಿತು, ಮಗನನ್ನು, ಮಿಕ್ಸಿಯನ್ನು, ಗೆಳೆಯನನ್ನು ಅದೇ ಕ್ರಮದಲ್ಲಿ ಬೈದರು. ತಲೆ ಕೊಂಚ ಅಲುಗಿದರೂ ಸ್ಕ್ಯಾನ್ ಕೆಡುತ್ತದೆಯಂತೆ. ಪ್ರಯೋಗ ಕೆಟ್ಟದ್ದು ನಮ್ಮಿಂದಲೇ ಎಂದು ತೀರ್ಮಾನವೂ ಆಯಿತು.

ಆ ರಾತ್ರಿ ಅವರು ಹೊಸ ವಿಷಯ ತಂದರು. ಮಿದುಳಿನ ಇನ್ಸುಲಾ ಎಂಬ ಭಾಗಕ್ಕೆ ಪೆಟ್ಟಾದ ಕೆಲವು ಧೂಮಪಾನಿಗಳು ಯಾವ ಕಷ್ಟವೂ ಇಲ್ಲದೆ ಸಿಗರೇಟು ಬಿಟ್ಟರೆಂದೂ, ಮರಳಿ ಅದರ ಬಯಕೆಯೇ ಅವರಿಗೆ ಹುಟ್ಟಲಿಲ್ಲವೆಂದೂ 2007ರಲ್ಲಿ ವರದಿಯಾಗಿತ್ತು. ಇದನ್ನು ಕೇಳಿ ಅಕ್ಕ ಮನೆಯಲ್ಲಿದ್ದ ಭಾರದ ವಸ್ತುಗಳತ್ತ ಒಮ್ಮೆ ಕಣ್ಣು ಹಾಯಿಸಿದಳು.

ಒಂದನ್ನು ಮಾತ್ರ ಅವರೆದುರು ಹೇಳಲಾರೆ. ಸಂಜೆ ಬಾಲ್ಕನಿಯಲ್ಲಿ ಸೇದುತ್ತ ನಿಲ್ಲುತ್ತಿದ್ದ ಭಾವ ದಿನದಲ್ಲಿ ಆ ಐದು ನಿಮಿಷ ಮಾತ್ರ ನನ್ನ ಮಾತನ್ನು ನಡುವೆ ತುಂಡರಿಸದೆ ಕೇಳುತ್ತಿದ್ದರು. ಕೆಲಸದ ಚಿಂತೆಗಳನ್ನೆಲ್ಲ ಅವರ ಬಳಿ ಹೇಳಿಕೊಂಡದ್ದು ಅಲ್ಲಿಯೇ. ಈಗಲೂ ಅದೇ ಹೊತ್ತಿಗೆ ಹೋಗಿ ನಿಲ್ಲುತ್ತಾರೆ, ಆದರೆ ಮಾತಿಗಾಗಿ ಬಾಯಿ ತೆರೆದರೆ ಗ್ರಾಹಕಗಳಿಗೆ ತೊಂದರೆಯಾಗುತ್ತದೆ.

ಅಷ್ಟರಲ್ಲಿ ಅಕ್ಕನಿಗೂ ಒಂದು ಅಧ್ಯಯನ ಸಿಕ್ಕಿತು. ಸಿಗರೇಟು ಬಿಟ್ಟ 6ರಿಂದ 12 ವಾರಗಳಲ್ಲಿ ಈ ಗ್ರಾಹಕಗಳ ಪ್ರಮಾಣ ಸೇದದವರ ಮಟ್ಟಕ್ಕೆ ಇಳಿಯುತ್ತದೆಂದು ಸ್ಕ್ಯಾನ್‌ಗಳು ತೋರಿಸಿವೆ. ಅವಳು ಸುಮ್ಮನೆ ಕ್ಯಾಲೆಂಡರ್ ತೆಗೆದು ಹನ್ನೆರಡನೆಯ ವಾರದ ಕೊನೆಯ ದಿನಕ್ಕೆ ಕೆಂಪು ಸುತ್ತು ಹಾಕಿದಳು. ಭಾವ ಹತ್ತಿರ ಬಂದು, ಕನ್ನಡಕ ಏರಿಸಿ, ಅದನ್ನು ಬಹಳ ಹೊತ್ತು ಪರಿಶೀಲಿಸಿದರು.

"ಇದು ಸರಾಸರಿ ಲೆಕ್ಕ" ಎಂದರು. "ನನ್ನವು ಸ್ವಲ್ಪ ನಿಧಾನ ಇರಬಹುದು."