ನಮೂನೆ-2ರ ಒಂದು ಸಹಿ, ಕೈತಪ್ಪುವ ಒಂದು ಹುದ್ದೆ

ನೇಮಕಾತಿ ಅಧಿಸೂಚನೆ ಬಂತು ಅಂದ ಕೂಡಲೇ ಎಲ್ಲರೂ ನೋಡೋದು ಹುದ್ದೆ ಎಷ್ಟು, ಸಿಲಬಸ್ ಏನು, ಪರೀಕ್ಷೆ ಯಾವಾಗ ಅಂತ. ದಯವಿಟ್ಟು ಅದಕ್ಕೂ ಮೊದಲು ಬೀರು ತೆಗೆದು ಪ್ರಮಾಣಪತ್ರಗಳ ಫೈಲ್ ನೋಡಿ. ಮೀಸಲಾತಿ ಇದ್ದೂ ಹುದ್ದೆ ಕಳೆದುಕೊಳ್ಳುವವರು ಪರೀಕ್ಷೆಯಲ್ಲಿ ಸೋತವರಲ್ಲ. ಅಂಕ ಬಂದು, ಪಟ್ಟಿಯಲ್ಲಿ ಹೆಸರು ಬಂದು, ದಾಖಲೆ ಪರಿಶೀಲನೆಯ ಮೇಜಿನ ಮುಂದೆ ಸೋತವರು. ಕೇಳಿದ ಮೀಸಲಾತಿ ತಿರಸ್ಕಾರವಾದರೆ ಅಭ್ಯರ್ಥಿಯನ್ನು ಸಾಮಾನ್ಯ ಅರ್ಹತೆಗೆ ಹಾಕುತ್ತಾರೆ. ಅಲ್ಲಿನ ಕಟ್‌ಆಫ್‌ಗೆ ಆ ಅಂಕ ಸಾಲುವುದಿಲ್ಲ. ಅಲ್ಲಿಗೆ ಎರಡು ಮೂರು ವರ್ಷದ ಓದು ಹೋಯಿತು.

ರಾಜ್ಯದ ನೇರ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಹುದ್ದೆ ಇದೆ. ಸಿಇಟಿ ಸೀಟುಗಳಲ್ಲಿ ಗ್ರಾಮೀಣಕ್ಕೆ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5. ಇದು ಪ್ರತಿ ಪ್ರವರ್ಗದ ಒಳಗೂ ಬರುತ್ತದೆ. ಸೀಟು ಪಟ್ಟಿಯಲ್ಲಿ 2ಎಜಿ (ಸಾಮಾನ್ಯ), 2ಎಆರ್ (ಗ್ರಾಮೀಣ), 2ಎಕೆ (ಕನ್ನಡ ಮಾಧ್ಯಮ) ಅಂತ ಮೂರು ಕಾಲಂ ಕಾಣುವುದು ಇದೇ ಕಾರಣಕ್ಕೆ. ಹೆಚ್ಚು ಜನ ತಪ್ಪು ಮಾಡುವುದೂ ಇವೆರಡರಲ್ಲೇ.

ಗ್ರಾಮೀಣ ಮೀಸಲಾತಿ ಹಳ್ಳಿಯಲ್ಲಿ ಮನೆ, ಹೊಲ ಇದ್ದರೆ ಸಿಗುವುದಲ್ಲ. 1ರಿಂದ 10ನೇ ತರಗತಿವರೆಗೆ, ಹತ್ತೂ ವರ್ಷ, ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಎಂಟನೇ ಕ್ಲಾಸಿಗೆ ಪಟ್ಟಣದ ಹಾಸ್ಟೆಲ್ ಸೇರಿದ್ದರೆ ಮುಗಿಯಿತು. ಕನ್ನಡ ಮಾಧ್ಯಮಕ್ಕೂ ಹತ್ತು ವರ್ಷದ ಲೆಕ್ಕವೇ, ಆದರೆ ಅಲ್ಲಿ ಊರಿನ ಪ್ರಶ್ನೆ ಇಲ್ಲ. ಬೆಂಗಳೂರಿನ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದ ಗಾರ್ಮೆಂಟ್ ಕಾರ್ಮಿಕರ ಮಗಳಿಗೂ ಇದು ಸಲ್ಲುತ್ತದೆ. ನಗರದ ಎಷ್ಟೋ ಮಕ್ಕಳು ಇದು ಹಳ್ಳಿಯವರಿಗೆ ಮಾತ್ರ ಅಂದುಕೊಂಡು ಆ ಕಾಲಂ ಖಾಲಿ ಬಿಡುತ್ತಾರೆ. ಎರಡಕ್ಕೂ ಅರ್ಹರಾದವರು ಎರಡನ್ನೂ ಕೇಳಬೇಕು, ಎರಡಕ್ಕೂ ಬೇರೆ ಬೇರೆ ಪತ್ರ ಇಟ್ಟುಕೊಳ್ಳಬೇಕು.

ಈಗ ಆ ಪತ್ರವನ್ನೇ ಹತ್ತಿರದಿಂದ ನೋಡೋಣ. ಗ್ರಾಮೀಣ ವ್ಯಾಸಂಗಕ್ಕೆ ನಮೂನೆ-2. ಶಾಲೆಯ ಮುಖ್ಯೋಪಾಧ್ಯಾಯರು ಬರೆದು ಸಹಿ, ಮೊಹರು ಹಾಕಬೇಕು. ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಮೇಲುಸಹಿ ಬೇಕು. ಇಲ್ಲಿ ತಪ್ಪುವುದು ಸಣ್ಣ ಸಣ್ಣ ವಿಷಯ. ಬಿಇಒ ಸಹಿ ಇರುತ್ತದೆ, ಮೊಹರು ಇರುವುದಿಲ್ಲ. ಮೊಹರು ಇರುತ್ತದೆ, ದಿನಾಂಕ ಇರುವುದಿಲ್ಲ. ಪ್ರೌಢಶಾಲೆಯವರು ‘8ರಿಂದ 10’ ಅಂತ ಮಾತ್ರ ಬರೆದುಕೊಡುತ್ತಾರೆ, ಪ್ರಾಥಮಿಕ ಶಾಲೆಯ ಪತ್ರ ಬೇರೆ ತರಬೇಕು ಅಂತ ಯಾರೂ ಹೇಳುವುದಿಲ್ಲ. ಮೂರು ಶಾಲೆಯಲ್ಲಿ ಓದಿದ್ದರೆ ಮೂರು ಕಡೆಯಿಂದಲೂ ತರಬೇಕು. ಶಾಲೆಗಳು ಬೇರೆ ಬೇರೆ ತಾಲ್ಲೂಕಿನಲ್ಲಿದ್ದರೆ ಬೇರೆ ಬೇರೆ ಬಿಇಒ ಕಚೇರಿ ಅಲೆಯಬೇಕು. ಶಾಲೆ ಮುಚ್ಚಿ ಪಕ್ಕದ ಊರಿನ ಶಾಲೆಗೆ ಸೇರಿದ್ದರೆ ದಾಖಲಾತಿ ಪುಸ್ತಕ ಎಲ್ಲಿದೆ ಅಂತ ಹುಡುಕುವುದರಲ್ಲೇ ವಾರ ಕಳೆಯುತ್ತದೆ.

ಯಾವ ಜಾತಿ ಮೀಸಲಾತಿಯೂ ಇಲ್ಲದ ಸಾಮಾನ್ಯ ಅರ್ಹತೆಯವರು ಗ್ರಾಮೀಣ ಕೋಟಾ ಕೇಳಿದರೆ ನಮೂನೆ-2 ಒಂದೇ ಸಾಲದು. ಮೇಲುಸ್ತರಕ್ಕೆ (ಕೆನೆಪದರಕ್ಕೆ, ಅಂದರೆ ಸ್ಥಿತಿವಂತರ ಗುಂಪಿಗೆ) ಸೇರಿಲ್ಲ ಅಂತ ತಹಶೀಲ್ದಾರರಿಂದ ನಮೂನೆ-1 ಕೂಡ ಬೇಕು. ಇದೊಂದನ್ನು ಬಿಟ್ಟು ಹುದ್ದೆ ಕಳೆದುಕೊಂಡವರು ತುಂಬಾ ಜನ.

ಇನ್ನು ಜಾತಿ ಮತ್ತು ಆದಾಯ. ಪರಿಶಿಷ್ಟ ಜಾತಿ, ಪಂಗಡಕ್ಕೆ ನಮೂನೆ-ಡಿ, ಪ್ರವರ್ಗ-1ಕ್ಕೆ ನಮೂನೆ-ಇ, 2ಎ, 2ಬಿ, 3ಎ, 3ಬಿಗೆ ನಮೂನೆ-ಎಫ್. ಮೊದಲ ಎರಡಕ್ಕೆ ಆದಾಯದ ಮಿತಿ ಇಲ್ಲ. ಎಫ್‌ಗೆ ವಾರ್ಷಿಕ 8 ಲಕ್ಷ ರೂಪಾಯಿಯ ಮಿತಿ ಇದೆ, ಪತ್ರ 5 ವರ್ಷಕ್ಕೆ ಮಾತ್ರ ಊರ್ಜಿತ. ಪಿಯುಸಿಯಲ್ಲಿ ಸಿಇಟಿಗೆ ಮಾಡಿಸಿದ ಎಫ್ ಪತ್ರವನ್ನೇ ಡಿಗ್ರಿ ಮುಗಿಸಿ ಕೆಪಿಎಸ್‌ಸಿಗೂ ಹಾಕುತ್ತಾರೆ, ಅಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಪತ್ರ ಅಧಿಸೂಚನೆಯ ಕೊನೆಯ ದಿನಾಂಕದೊಳಗೆ ಪಡೆದದ್ದಾಗಿರಬೇಕು, ಆ ದಿನ ಊರ್ಜಿತವೂ ಆಗಿರಬೇಕು. ಜಾತಿ, ಆದಾಯ ಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ಟೈಪ್ ಮಾಡುವಾಗ ಸೊನ್ನೆಗಳನ್ನು ಎಣಿಸಿ. ಆ ಸಂಖ್ಯೆ ಹಾಕಿದಾಗ ಪರದೆಯ ಮೇಲೆ ಬರುವ ಹೆಸರು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರೇ ಆಗಿರಬೇಕು. ನಮ್ಮಲ್ಲಿ ಇನಿಷಿಯಲ್ ಒಂದೊಂದು ಕಡೆ ಒಂದೊಂದು ಥರ: ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ, ಜಾತಿ ಪತ್ರದಲ್ಲಿ ಇಲ್ಲವೇ ಇಲ್ಲ. ನಾಡಕಚೇರಿಗೆ ಹೋಗುವಾಗ ಆಧಾರ್ ಒಂದನ್ನೇ ಹಿಡಿದು ಹೋಗಬೇಡಿ, ಅಂಕಪಟ್ಟಿ ತೋರಿಸಿ ಹಾಗೇ ಬರೆಸಿ.

ಮದುವೆಯಾದ ಹೆಣ್ಣುಮಕ್ಕಳಿಗೆ ಆಗುವ ಅನ್ಯಾಯದ ಬಗ್ಗೆ ಒಂದು ಮಾತು. ಜಾತಿ ತಂದೆಯ ಮನೆಯದು, ಗಂಡನದ್ದಲ್ಲ. ಕೇಂದ್ರದ ಒಬಿಸಿ ಪತ್ರದಲ್ಲಿ ಮೇಲುಸ್ತರ ನೋಡುವುದೂ ತಂದೆ ತಾಯಿಯ ಸ್ಥಿತಿಯ ಮೇಲೆ. ಆದರೂ ಕೌಂಟರಿನಲ್ಲಿ ಗಂಡನ ಆದಾಯ ಕೇಳುತ್ತಾರೆ, ಗಂಡನ ರೇಷನ್ ಕಾರ್ಡ್ ಕೇಳುತ್ತಾರೆ. ನಿಯಮ ಗೊತ್ತಿಲ್ಲದ ಹೆಣ್ಣುಮಗಳು ಸುಮ್ಮನೆ ವಾಪಸ್ ಬರುತ್ತಾಳೆ.

ಬ್ಯಾಂಕು, ರೈಲ್ವೆ, ಎಸ್‌ಎಸ್‌ಸಿಗೆ ರಾಜ್ಯದ ನಮೂನೆ-ಎಫ್ ನಡೆಯುವುದಿಲ್ಲ. ಕೇಂದ್ರದ ನಮೂನೆಯೇ ಬೇರೆ, ಪಟ್ಟಿಯೂ ಬೇರೆ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಸಮುದಾಯ ಕೇಂದ್ರದ ಪಟ್ಟಿಯಲ್ಲಿಲ್ಲ, ಇದ್ದರೂ ಹೆಸರು ಅಲ್ಲಿರುವಂತೆಯೇ ಬರೆದಿರಬೇಕು. ಲೆಕ್ಕವೂ ಬೇರೆ: 1993ರ ಸೆಪ್ಟೆಂಬರ್ 8ರ ಕೇಂದ್ರದ ಆದೇಶದಲ್ಲಿ ಆದಾಯದ ಮಿತಿಗೆ ಸಂಬಳ ಮತ್ತು ಕೃಷಿ ಆದಾಯ ಸೇರಿಸುವಂತಿಲ್ಲ. ಸರ್ಕಾರಿ ನೌಕರರ ಮಕ್ಕಳಿಗೆ ಅಲ್ಲಿ ನೋಡುವುದು ಹುದ್ದೆಯ ದರ್ಜೆ. ತಂದೆ ಗ್ರೂಪ್ ‘ಸಿ’ ನೌಕರ, ಸಂಬಳ 8 ಲಕ್ಷ ದಾಟಿದೆ ಅಂತ ಅರ್ಜಿ ತಿರಸ್ಕರಿಸಿದರೆ ಅದು ತಪ್ಪು. ಆ ಆದೇಶದ ಪ್ರತಿ ಜೊತೆಗಿರಲಿ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ. ಸ್ಥಳೀಯ ವೃಂದದ, ಅಂದರೆ ಆ ಭಾಗದ ಕಚೇರಿಗಳ, ಗ್ರೂಪ್ ‘ಸಿ’ ಹುದ್ದೆಯಲ್ಲಿ ಶೇ. 80, ‘ಡಿ’ಯಲ್ಲಿ ಶೇ. 85 ನಿಮ್ಮದು. ಅದಕ್ಕೆ ಬೇಕಾದ ಅರ್ಹತಾ ಪತ್ರ ಕೊಡುವವರು ಉಪವಿಭಾಗಾಧಿಕಾರಿ. ತಹಶೀಲ್ದಾರರ ವಾಸಸ್ಥಳ ಪತ್ರ ಇದಕ್ಕೆ ಸಾಲದು.

ಕೊನೆಯ ದಿನಾಂಕ ದಾಟಿ ಪತ್ರ ಕೊಟ್ಟರೆ ಏನು? 2016ರಲ್ಲಿ ರಾಮ್ ಕುಮಾರ್ ಗಿಜ್ರೋಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಬಿಸಿ ಅಭ್ಯರ್ಥಿಯ ಪರ ನಿಂತಿತು. ತಡವಾಗಿ ಕೊಟ್ಟ ಪತ್ರವನ್ನು ಒಪ್ಪಿಕೊಳ್ಳಬೇಕು ಅಂದಿತು. ಆದರೆ 2023ರಲ್ಲಿ ಯುಪಿಎಸ್‌ಸಿಯ ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ ವರ್ಗ) ಅಭ್ಯರ್ಥಿಗಳ ವಿಷಯದಲ್ಲಿ ಕೊನೆಯ ದಿನಾಂಕದೊಳಗೆ ಪತ್ರ ಇರಲೇಬೇಕು ಅಂತ ಅದೇ ಕೋರ್ಟ್ ಹೇಳಿತು. ಹಾಗಾಗಿ ಕೋರ್ಟ್ ನಂಬಿಕೊಂಡು ತಡ ಮಾಡಬೇಡಿ. ಕೋರ್ಟಿಗೆ ಹೋಗಲು ದುಡ್ಡಿರುವವರಿಗೆ ಈ ಪತ್ರಗಳು ಮೊದಲೇ ಸರಿ ಇರುತ್ತವೆ. ಮನೆಯಲ್ಲಿ ಒಬ್ಬ ನೌಕರ ಇದ್ದರೆ ಸಾಕು, ಅವನು ಎಲ್ಲ ನೋಡಿಕೊಳ್ಳುತ್ತಾನೆ. ಮನೆಯಲ್ಲಿ ಮೊದಲ ಸಲ ಅರ್ಜಿ ಹಾಕುವ ಹುಡುಗ ಸೈಬರ್ ಸೆಂಟರಿನವನು ಒತ್ತಿದ್ದನ್ನೇ ನಂಬುತ್ತಾನೆ. ಮೀಸಲಾತಿ ಯಾರಿಗಾಗಿ ಬಂತೋ ಅವರೇ ಇಲ್ಲಿ ಹೊರಗೆ ಬೀಳುತ್ತಿದ್ದಾರೆ, ನನ್ನ ಸಿಟ್ಟು ಇದಕ್ಕೇ.

ಸರ್ಕಾರದ ಬಳಿ ಮಕ್ಕಳ ಶಾಲೆ, ಮಾಧ್ಯಮ, ತರಗತಿಯ ಮಾಹಿತಿ ಎಸ್‌ಎಟಿಎಸ್ ಎಂಬ ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆಯಲ್ಲಿ ಈಗಾಗಲೇ ಇದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಕೊಡುವ ದಿನವೇ ಗ್ರಾಮೀಣ, ಕನ್ನಡ ಮಾಧ್ಯಮ ಪತ್ರಗಳನ್ನು ಬಿಇಒ ಸಹಿಯೊಂದಿಗೆ ಶಾಲೆಯಲ್ಲೇ ಮಕ್ಕಳ ಕೈಗೆ ಕೊಡಬೇಕು. ಮೊಹರು, ದಿನಾಂಕ, ಇನಿಷಿಯಲ್‌ನಂಥ ತಪ್ಪು ತಿದ್ದಲು ದಾಖಲೆ ಪರಿಶೀಲನೆಯ ನಂತರ ಕನಿಷ್ಠ 15 ದಿನ ಕೊಡಬೇಕು. ಅರ್ಹತೆ ಇಲ್ಲದವನು ಇದರಿಂದ ಒಳಗೆ ಬರುವುದಿಲ್ಲ. ಇದ್ದವನು ಹೊರಗೆ ಹೋಗುವುದು ನಿಲ್ಲುತ್ತದೆ.

ಅಲ್ಲಿಯವರೆಗೆ, ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸಕಾಲದ (ಗಡುವಿನೊಳಗೆ ಸೇವೆ ಕೊಡಲೇಬೇಕೆನ್ನುವ ರಾಜ್ಯದ ಕಾಯ್ದೆ) ಜಿಎಸ್‌ಸಿ ಸಂಖ್ಯೆ, ಅಂದರೆ ನಿಮ್ಮ ಅರ್ಜಿಯ ಸಂಖ್ಯೆ, ಇರುವ ಸ್ವೀಕೃತಿ ಕೇಳಿ ಪಡೆಯಿರಿ. ಗಡುವು ಮೀರಿದರೆ ಅದೇ ಸಂಖ್ಯೆಯ ಮೇಲೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಹಾಕಬಹುದು. ತಡವಾದ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವೂ ಕಾಯ್ದೆಯಲ್ಲಿದೆ. ದುಡ್ಡು ಸಣ್ಣದು, ಆದರೆ ಮೇಲ್ಮನವಿ ಹೋಯಿತು ಅಂದರೆ ಮೇಜಿನ ಮೇಲೆ ಕೂತ ಫೈಲ್ ಏಳುತ್ತದೆ.